ಹಳೆಯ ಬುಲೆಟ್ಟಿನ ಐಡ್ಲಿಂಗ್ ಕೂರಿಸುವ ಬಗೆ

ಹಳೆಯ ಬುಲೆಟ್ ಕೊಂಡವರಲ್ಲಿ ಹೆಚ್ಚಿನವರು ಗ್ಯಾರೇಜಿಗೆ ಹೋದ ಕೂಡಲೇ ಕೇಳುವುದು ಒಂದೇ ಮಾತನ್ನು: ಐಡ್ಲಿಂಗ್ (ಆಕ್ಸಿಲರೇಟರ್ ಮುಟ್ಟದೆ ನಿಂತಾಗ ಇಂಜಿನ್ ತಿರುಗುವ ವೇಗ) ಇನ್ನಷ್ಟು ಇಳಿಸಿಕೊಡಿ, ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳಬೇಕು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬೊರೇಟರಿನ ಬದಿಯಲ್ಲಿರುವ ಸ್ಕ್ರೂ ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಆ ಬೇಡಿಕೆ ಈಡೇರುತ್ತದೆ. ಕೇಳಿದವರೂ ಸಂತೋಷದಿಂದ ಹೊರಡುತ್ತಾರೆ. ಆದರೆ ಆ ಸ್ಕ್ರೂವನ್ನು ಮುಟ್ಟಬೇಕಾದದ್ದು ಇಂಜಿನ್ನಿನ ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ, ಎಲ್ಲಕ್ಕಿಂತ ಕೊನೆಯಲ್ಲಿ. ಕಿವಿಗೆ ಹಿತವೆನ್ನಿಸುವ ತನಕ ವೇಗವನ್ನು ಇಳಿಸುತ್ತ ಹೋಗುವುದು ಈ ಇಂಜಿನ್ನಿಗೆ ನಾವು ಪ್ರೀತಿಯಿಂದಲೇ ಮಾಡುವ ದೊಡ್ಡ ಹಾನಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಹೇಳುತ್ತಿರುವುದು ಎರಕದ ಕಬ್ಬಿಣದ ಸಿಲಿಂಡರ್ ಉಳ್ಳ, ಪಾಯಿಂಟ್ ಇಗ್ನಿಷನ್ನಿನ (ಪಾಯಿಂಟ್ ಎಂಬ ಸಣ್ಣ ಸ್ವಿಚ್ಚು ತೆರೆದಾಗ ಕಿಡಿ ಹಾರುವ) 350 ಸಿಸಿ ಬುಲೆಟ್ಟಿನ ವಿಷಯ. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ರೂಪುಗೊಂಡ ಈ ವಿನ್ಯಾಸವನ್ನು 1955ರಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಕಂಪನಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಿಸತೊಡಗಿತು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೂಲ ರಚನೆ ಹೆಚ್ಚೇನೂ ಬದಲಾಗದೆ ಉಳಿಯಿತು. ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 90 ಮಿ.ಮೀ., ಒಟ್ಟು ಸಾಮರ್ಥ್ಯ 346 ಸಿಸಿ. ಇಷ್ಟು ಉದ್ದದ ಸ್ಟ್ರೋಕ್ ಮತ್ತು ತೂಕದ ಫ್ಲೈವೀಲುಗಳ ಕಾರಣದಿಂದಲೇ ಈ ಇಂಜಿನ್ ಬೇರೆ ಹಲವು ಬೈಕುಗಳು ನಿಂತುಹೋಗುವಷ್ಟು ಕಡಿಮೆ ವೇಗದಲ್ಲಿಯೂ ತಿರುಗುತ್ತಿರಬಲ್ಲದು. ನನ್ನ ಬಳಿ ಇರುವುದು 1990ರ ದಶಕದ ಆರಂಭದ ಗಾಡಿ. ಅದರಲ್ಲಿರುವುದು ಮಿಕ್‌ಕಾರ್ಬ್ ವಿಎಂ24 ಕಾರ್ಬೊರೇಟರ್. ಅದಕ್ಕಿಂತ ಹಳೆಯ ಗಾಡಿಗಳ ಕಾರ್ಬೊರೇಟರಿನಲ್ಲಿ ಸ್ಕ್ರೂಗಳ ಜಾಗ ಬೇರೆಯಿದ್ದರೂ ಕೆಲಸದ ಕ್ರಮ ಬಹುಪಾಲು ಇದೇ.

ಕಡಿಮೆ ಐಡ್ಲಿಂಗ್ ಏಕೆ ಹಾನಿಕರ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಒಪ್ಪದೆ ಮುಂದಿನದೆಲ್ಲ ವ್ಯರ್ಥ. ಈ ಇಂಜಿನ್ನಿನ ಆಯಿಲ್ ಪಂಪುಗಳು ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಮುಖ್ಯ ದಂಡ) ತುದಿಯಲ್ಲಿರುವ ವರ್ಮ್ ಗೇರಿನಿಂದ ಚಾಲನೆ ಪಡೆಯುತ್ತವೆ. ಕ್ರ್ಯಾಂಕ್ ಹಲವು ಸುತ್ತು ತಿರುಗಿದಾಗ ಪಂಪು ಒಂದು ಸುತ್ತು ತಿರುಗುತ್ತದೆ. ಅಂದರೆ ಇಂಜಿನ್ ನಿಧಾನವಾದಷ್ಟೂ ಆಯಿಲ್ ಪೂರೈಕೆಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಪಂಪು ಕಳಿಸುವ ಆಯಿಲ್ ಟೈಮಿಂಗ್ ಕವರಿನ ಮೂಲಕ ಕ್ರ್ಯಾಂಕಿನೊಳಗೆ ಹೊಕ್ಕು, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಬಿಗ್ ಎಂಡ್ ತಲುಪಬೇಕು. ಅಲ್ಲಿರುವುದು ರೋಲರುಗಳಿಲ್ಲದ ತೇಲುವ ಬುಷ್. ರೋಲರ್ ಬೇರಿಂಗಿಗೆ ಆಯಿಲಿನ ಸಣ್ಣ ತೇವವಿದ್ದರೂ ಕೆಲವು ಕಾಲ ನಡೆದೀತು. ಬುಷ್ಷಿಗೆ ಹಾಗಲ್ಲ, ಲೋಹಕ್ಕೂ ಲೋಹಕ್ಕೂ ನಡುವೆ ಆಯಿಲಿನ ಪದರ ಸದಾ ನಿಂತಿರಬೇಕು, ಮತ್ತು ಆ ಪದರ ನಿಲ್ಲುವುದು ಪೂರೈಕೆ ಹಾಗೂ ತಿರುಗುವ ವೇಗ ಎರಡೂ ಇದ್ದಾಗ ಮಾತ್ರ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ಸಿಗುವ ಆಯಿಲ್ ಬಿಗ್ ಎಂಡಿನಿಂದ ಸಿಡಿದು ಬರುವಂಥದ್ದು. ಸಿಗ್ನಲ್ಲಿನಲ್ಲಿ ನಿಂತ ಬಿಸಿ ಇಂಜಿನ್, ಶಾಖಕ್ಕೆ ತೆಳುವಾದ ಆಯಿಲ್, ಬೀಸುಗಾಳಿಯಿಲ್ಲದ ಸಿಲಿಂಡರ್, ಜೊತೆಗೆ ನಿಮಿಷಕ್ಕೆ ಐನೂರೋ ಆರುನೂರೋ ಸುತ್ತು: ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಟ್ರಾಫಿಕ್ಕಿನ ಜಾಗದಲ್ಲಿ ಈ ನಾಲ್ಕೂ ಒಟ್ಟಿಗೆ ಸೇರುತ್ತವೆ.

ವಿದ್ಯುತ್ತಿನ ಲೆಕ್ಕವೂ ಇದಕ್ಕೆ ಪೂರಕವಾಗಿಲ್ಲ. ಕಾಯಿಲ್ ಇಗ್ನಿಷನ್ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ, ಆದರೆ ಅಷ್ಟು ಕಡಿಮೆ ವೇಗದಲ್ಲಿ ಆಲ್ಟರ್ನೇಟರ್ ಹಿಂದಕ್ಕೆ ಕೊಡುವುದು ಅಲ್ಪ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ನಿಂತಾಗ ಆಂಪಿಯರ್ ಮೀಟರಿನ ಮುಳ್ಳು ಮೈನಸ್ ಕಡೆಗೆ ವಾಲುವುದನ್ನು ಬುಲೆಟ್ ಓಡಿಸುವವರೆಲ್ಲ ನೋಡಿರುತ್ತಾರೆ. ಬ್ಯಾಟರಿ ಸೋತರೆ ಕಿಡಿ ಸೋಲುತ್ತದೆ, ಕಿಡಿ ಸೋತರೆ ಐಡ್ಲಿಂಗ್ ತಾನಾಗಿ ಕೆಡುತ್ತದೆ. ಆಗ ಮತ್ತೆ ಅದೇ ಸ್ಕ್ರೂವಿಗೆ ಕೈ ಹೋಗುತ್ತದೆ.

ನಾನು ಕೂರಿಸಿಕೊಳ್ಳುವ ವೇಗ ನಿಮಿಷಕ್ಕೆ 900ರಿಂದ 1,000 ಸುತ್ತು. ಈ ಗಾಡಿಗಳಲ್ಲಿ ಆರ್‌ಪಿಎಂ ಮೀಟರ್ ಇರುವುದಿಲ್ಲವಾದ್ದರಿಂದ ಅಳೆಯುವ ಬಗೆಯನ್ನೂ ಹೇಳಬೇಕು. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಬಡಿಯುತ್ತದೆ. ಆದ್ದರಿಂದ 900 ಸುತ್ತಿಗೆ ನಿಮಿಷಕ್ಕೆ 450 ಬಡಿತ, ಹತ್ತು ಸೆಕೆಂಡಿಗೆ 75. ಸೈಲೆನ್ಸರಿನ ಸದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ವೇಗ ತಗ್ಗಿಸಿ ಕೇಳಿದರೆ ಎಣಿಸುವುದು ಕಷ್ಟವಲ್ಲ. ಪ್ಲಗ್ಗಿನ ವೈರಿಗೆ ಸುತ್ತುವ ಮೀಟರ್ ಬಳಸುವವರು ಒಂದು ಅಂಶವನ್ನು ನೆನಪಿಡಬೇಕು: ಪಾಯಿಂಟ್ ಇರುವ ಬುಲೆಟ್ಟಿನ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಆದ್ದರಿಂದ ಎರಡು ಸುತ್ತಿಗೆ ಒಂದೇ ಕಿಡಿ. ಸುತ್ತಿಗೊಂದು ಕಿಡಿ ಎಂದು ಲೆಕ್ಕ ಹಾಕುವಂತೆ ಮೀಟರನ್ನು ಬಿಟ್ಟರೆ ಅದು ಅರ್ಧ ಅಂಕಿಯನ್ನು ತೋರಿಸುತ್ತದೆ.

ಇನ್ನು ಕಾರ್ಬೊರೇಟರ್. ವಿಎಂ24ರಲ್ಲಿ ಆಕ್ಸಿಲರೇಟರ್ ಕೇಬಲ್ ಎಳೆಯುವ ಒಂದು ಸ್ಲೈಡ್ ಇದೆ. ಐಡಲ್ ಸ್ಕ್ರೂ ಎಂದು ನಾವು ಕರೆಯುವ ದೊಡ್ಡ ಸ್ಕ್ರೂ ಮಾಡುವುದು ಆ ಸ್ಲೈಡ್ ಪೂರ್ತಿ ಕೆಳಗೆ ಇಳಿಯದಂತೆ ಕೂದಲೆಳೆಯಷ್ಟು ಎತ್ತಿ ಹಿಡಿಯುವ ಕೆಲಸವನ್ನು ಮಾತ್ರ. ಆ ಸ್ಥಿತಿಯಲ್ಲಿ ಇಂಜಿನ್ನಿಗೆ ಪೆಟ್ರೋಲ್ ಬರುವುದು ಪೈಲಟ್ ಜೆಟ್ಟಿನಿಂದ. ಕಾರ್ಬೊರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನಲ್ಲಿರುವ ಈ ಸಣ್ಣ ಜೆಟ್ ಎತ್ತಿಕೊಡುವ ಪೆಟ್ರೋಲಿಗೆ ಎಷ್ಟು ಗಾಳಿ ಬೆರೆಯಬೇಕೆಂಬುದನ್ನು ಏರ್ ಸ್ಕ್ರೂ ನಿರ್ಧರಿಸುತ್ತದೆ. ಬೆರೆತದ್ದು ಸ್ಲೈಡಿನ ಆಚೆ, ಇಂಜಿನ್ನಿನ ಕಡೆ ಇರುವ ಸೂಕ್ಷ್ಮ ರಂಧ್ರದಿಂದ ಹೊರಬರುತ್ತದೆ. ಅದರ ಪಕ್ಕದಲ್ಲಿಯೇ, ಸ್ಲೈಡಿನ ಅಡಿಯಲ್ಲಿ, ಬೈಪಾಸ್ ರಂಧ್ರ ಇನ್ನೊಂದಿದೆ. ಈ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗ್ಯಾರೇಜುಗಳಲ್ಲಿ ಪದೇ ಪದೇ ಕೇಳಿಬರುವ ಒಂದು ದೂರಿನ ಕಾರಣ ತಿಳಿಯುತ್ತದೆ. ಏರ್ ಸ್ಕ್ರೂ ಎತ್ತ ತಿರುಗಿಸಿದರೂ ಇಂಜಿನ್ನಿನ ಸದ್ದಿನಲ್ಲಿ ಬದಲಾವಣೆಯೇ ಇಲ್ಲ ಎನ್ನುತ್ತಾರಲ್ಲ, ಅದಕ್ಕೆ ಬಹುತೇಕ ಕಾರಣ ಪೈಲಟ್ ಜೆಟ್ ಕಟ್ಟಿಕೊಂಡಿರುವುದು, ಮತ್ತು ಆ ಕೊರತೆಯನ್ನು ಮುಚ್ಚಲು ಯಾರೋ ಐಡಲ್ ಸ್ಕ್ರೂ ಒಳಗೆ ತಿರುಗಿಸಿ ಸ್ಲೈಡನ್ನು ಹೆಚ್ಚಾಗಿ ಎತ್ತಿರುವುದು. ಸ್ಲೈಡ್ ಅಷ್ಟು ಎದ್ದ ಮೇಲೆ ಇಂಜಿನ್ ಪೈಲಟ್ ದಾರಿಯ ಹತೋಟಿಯಿಂದ ಹೊರಗೆ ಬಂದಿರುತ್ತದೆ. ಅಲ್ಲಿ ಏರ್ ಸ್ಕ್ರೂವಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಪೈಲಟ್ ಜೆಟ್ಟನ್ನು ಬಿಚ್ಚಿ, ಬೆಳಕಿಗೆ ಹಿಡಿದು, ರಂಧ್ರ ದುಂಡಗೆ ಕಾಣುವ ತನಕ ಶುದ್ಧಗೊಳಿಸಬೇಕು. ವೈರಿನ ಎಳೆಯನ್ನು ತೂರಿಸುವ ಅಭ್ಯಾಸ ಎಲ್ಲೆಡೆ ಇದೆ. ಜೆಟ್ಟಿನ ಹಿತ್ತಾಳೆ ಮೆದುವಾದ್ದರಿಂದ ರಂಧ್ರ ಹಿಗ್ಗುವ ಅಥವಾ ಗೀರು ಬೀಳುವ ಸಂಭವವಿದೆ. ಬ್ರಷ್ಷಿನ ನೈಲಾನ್ ಎಳೆ ಮತ್ತು ಗಾಳಿಯ ಒತ್ತಡ ಸಾಕು. ಸಾಲದಿದ್ದರೆ ಹೊಸ ಜೆಟ್ ಕೊಳ್ಳುವುದೇ ಮೇಲು, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸುವಾಗ ಹಳೆಯ ಜೆಟ್ಟನ್ನು ಕೈಯಲ್ಲಿಯೇ ಒಯ್ದು ಅದರ ಮೇಲಿನ ಸಂಖ್ಯೆಯನ್ನು ತಾಳೆ ನೋಡುವುದು ಒಳ್ಳೆಯದು.

ಕಾರ್ಬೊರೇಟರನ್ನು ಮುಟ್ಟುವ ಮೊದಲು ಮುಗಿಸಬೇಕಾದ ಕೆಲಸಗಳು ಹಲವು. ವಾಲ್ವುಗಳ ಸಡಿಲವನ್ನು ಹೊಂದಿಸುವ ಟ್ಯಾಪೆಟ್ಟನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರುವಾಗ ನೋಡಬೇಕು. ವಾಲ್ವಿಗೆ ಚಲನೆ ಕೊಡುವ ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಆಕ್ಸಿಲರೇಟರ್ ಕೇಬಲ್ಲಿಗೆ ಎರಡು ಮೂರು ಮಿ.ಮೀ. ಸಡಿಲವಿರಬೇಕು, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಇಂಜಿನ್ನಿನ ಸದ್ದು ಏರಬಾರದು. ಬುಲೆಟ್ಟಿಗೇ ವಿಶೇಷವಾದ ಇನ್ನೊಂದು ಅಂಶವನ್ನು ಅನುಭವಿಗಳೂ ಮರೆಯುತ್ತಾರೆ: ಕಿಕ್ಕರ್ ಹೊಡೆಯುವಾಗ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರಿನ ಕೇಬಲ್ ಬಿಗಿಯಾಗಿದ್ದರೆ ಹೆಡ್ಡಿನಲ್ಲಿರುವ ಆ ಸಣ್ಣ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಸೋರುತ್ತಿರುತ್ತದೆ. ಓಡುವಾಗ ಅದು ಗಮನಕ್ಕೆ ಬರದಿದ್ದರೂ ಐಡ್ಲಿಂಗಿನಲ್ಲಿ ಬರುತ್ತದೆ.

ಗಾಳಿ ಸೋರಿಕೆಯದು ಪ್ರತ್ಯೇಕ ಅಧ್ಯಾಯ. ಕಾರ್ಬೊರೇಟರಿಗೂ ಹೆಡ್ಡಿಗೂ ನಡುವಿನ ಜೋಡಣೆಯಲ್ಲಿ ಪ್ಯಾಕಿಂಗ್ ಒಣಗಿದ್ದರೆ, ಅಥವಾ ನಟ್ಟುಗಳನ್ನು ಅತಿಯಾಗಿ ಬಿಗಿದು ಕಾರ್ಬೊರೇಟರಿನ ಮುಖ ಬಾಗಿದ್ದರೆ, ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ನುಗ್ಗುತ್ತದೆ. ರೇಸು ಕೊಟ್ಟು ಬಿಟ್ಟ ಮೇಲೆ ಇಂಜಿನ್ ತಕ್ಷಣ ಇಳಿಯದೆ ಮೇಲೆಯೇ ನಿಂತು ನಿಧಾನವಾಗಿ ಇಳಿಯುವುದು, ನಿಂತಲ್ಲಿಯೇ ಏರಿಳಿಯುವುದು, ಬೆಳಿಗ್ಗೆ ಒಂದು ಬಗೆ ಮಧ್ಯಾಹ್ನ ಒಂದು ಬಗೆ ನಡೆದುಕೊಳ್ಳುವುದು, ಇವೆಲ್ಲ ಅದರ ಲಕ್ಷಣಗಳು. ಇಂಜಿನ್ ಚಾಲೂ ಇರುವಾಗ ಆ ಜೋಡಣೆಯ ಸುತ್ತ ಬ್ರಷ್ಷಿನಿಂದ ಸ್ವಲ್ಪ ಇಂಜಿನ್ ಆಯಿಲ್ ಹಚ್ಚಿ ನೋಡಬಹುದು. ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ ಇದೆ. ಕೆಲವರು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಬಿಸಿ ಸೈಲೆನ್ಸರ್ ಪೈಪು ಗೇಣಿನ ಅಂತರದಲ್ಲಿರುವಾಗ ಅದನ್ನು ಯಾರೂ ಮಾಡಬಾರದು.

ಇಗ್ನಿಷನ್ನಿನಲ್ಲಿ ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು, ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಬದಲಿಸುವ ಅಡ್ವಾನ್ಸ್ ತೂಕಗಳು ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ, ಪಿಸ್ಟನ್ ಮೇಲ್ತುದಿ ತಲುಪಲು 0.8 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಗ್ಯಾಪ್ ಬದಲಿಸಿದರೆ ಟೈಮಿಂಗೂ ಬದಲಾಗುತ್ತದೆ. ಇಲ್ಲಿಯೇ ಐಡ್ಲಿಂಗಿನ ಅತ್ಯಂತ ಗೊಂದಲದ ತೊಂದರೆಯೊಂದು ಅಡಗಿದೆ. ಡಿಸ್ಟ್ರಿಬ್ಯೂಟರಿನೊಳಗೆ ಎರಡು ಸಣ್ಣ ತೂಕಗಳೂ ಅವನ್ನು ಹಿಡಿದಿಡುವ ಸ್ಪ್ರಿಂಗುಗಳೂ ಇವೆ. ವೇಗ ಏರಿದಂತೆ ತೂಕಗಳು ಹೊರಕ್ಕೆ ಸರಿದು ಕಿಡಿಯನ್ನು ಮುಂಚೆ ಹಾರಿಸುತ್ತವೆ. ದಶಕಗಳ ಬಳಕೆಯಲ್ಲಿ ಆ ಸ್ಪ್ರಿಂಗುಗಳು ಸಡಿಲವಾದಾಗ, ಐಡ್ಲಿಂಗಿನಲ್ಲಿ ಮುಚ್ಚಿರಬೇಕಾದ ತೂಕಗಳು ಆಗಲೇ ತೆರೆಯತೊಡಗುತ್ತವೆ. ಕಿಡಿ ಮುಂಚೆ ಬಿದ್ದಾಗ ಇಂಜಿನ್ ವೇಗ ಏರುತ್ತದೆ, ವೇಗ ಏರಿದ್ದರಿಂದ ತೂಕಗಳು ಮತ್ತಷ್ಟು ತೆರೆಯುತ್ತವೆ. ಐಡಲ್ ಸ್ಕ್ರೂ ಹೊರಗೆ ತಿರುಗಿಸಿ ವೇಗ ಇಳಿಸಿದರೆ ತೂಕಗಳು ಒಮ್ಮೆಲೇ ಮುಚ್ಚಿಕೊಂಡು ಇಂಜಿನ್ ಆಫ್ ಆಗುತ್ತದೆ. ಒಂದೋ ಜೋರು, ಇಲ್ಲವೋ ನಿಲ್ಲುವುದು. ನಡುವಿನ ಸ್ಥಿತಿ ಸಿಗುವುದೇ ಇಲ್ಲ. ಇಂಥ ಗಾಡಿಗೆ ಕಾರ್ಬೊರೇಟರ್ ಬದಲಿಸಿದವರನ್ನು ನಾನು ಕಂಡಿದ್ದೇನೆ, ಆದರೆ ಬೇಕಾಗಿದ್ದುದು ಎರಡು ಸ್ಪ್ರಿಂಗುಗಳು, ತೂಕಗಳ ಪಿನ್ನುಗಳಿಗೆ ಒಂದೊಂದು ಹನಿ ಎಣ್ಣೆ.

ಇದಕ್ಕೆ ವಿರುದ್ಧ ದಿಕ್ಕಿನ ಕೆಟ್ಟ ಅಭ್ಯಾಸವೂ ಇದೆ. ನಿಧಾನವಾದ ಬಡಿತಕ್ಕಾಗಿ ಬೇಕೆಂದೇ ಟೈಮಿಂಗನ್ನು ಹಿಂದಕ್ಕೆ ಸರಿಸಿ ಕೊಡುತ್ತಾರೆ. ಕಿಡಿ ತಡವಾಗಿ ಬಿದ್ದರೆ ಉರಿ ಮುಗಿಯುವ ಮೊದಲೇ ಎಗ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತು ಸಮೀಪಿಸಿರುತ್ತದೆ. ಶಾಖವೆಲ್ಲ ವಾಲ್ವಿಗೂ ಪೈಪಿಗೂ ಹೋಗುತ್ತದೆ. ಪೈಪಿನ ಕ್ರೋಮ್ ನೀಲಿಯಾಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಇವೆಲ್ಲ ಸರಿಯಿದ್ದರೆ ಐಡ್ಲಿಂಗ್ ಕೂರಿಸುವುದು ಹತ್ತು ನಿಮಿಷದ ಶಾಂತ ಕೆಲಸ. ಗಾಡಿಯನ್ನು ಎಂಟು ಹತ್ತು ಕಿಲೋಮೀಟರ್ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಬೇಕು. ಏರ್ ಫಿಲ್ಟರ್ ತನ್ನ ಜಾಗದಲ್ಲಿಯೇ ಇರಬೇಕು, ಚೋಕ್ ಪೂರ್ತಿ ಆಫ್ ಆಗಿರಬೇಕು. ಬಯಲಿನಲ್ಲಿ ಅಥವಾ ಬಾಗಿಲು ತೆರೆದ ಜಾಗದಲ್ಲಿ, ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿಕೊಳ್ಳಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು ಈ ಕೆಲಸಕ್ಕೆ ಕೂರುವುದು ಪ್ರಾಣಾಪಾಯ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಂಜಿನ್ ಆಫ್ ಇರುವಾಗ ಏರ್ ಸ್ಕ್ರೂವನ್ನು ತಡೆ ಸಿಗುವ ತನಕ ಮೆಲ್ಲಗೆ ಒಳಗೆ ತಿರುಗಿಸಿ, ಒತ್ತದೆ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತೆಗೆಯಬೇಕು. ಅದರ ತುದಿ ಸೂಜಿಯಂತೆ ಚೂಪಾಗಿದ್ದು, ಬಿಗಿದರೆ ತುದಿಯೂ ಅದು ಕೂರುವ ಜಾಗವೂ ಹಾಳಾಗುತ್ತವೆ.

ಇಂಜಿನ್ ಚಾಲೂ ಮಾಡಿ, ಐಡಲ್ ಸ್ಕ್ರೂವಿನಿಂದ ವೇಗವನ್ನು ಬೇಕಾದುದಕ್ಕಿಂತ ತುಸು ಹೆಚ್ಚಿಗೆ ಇಡಬೇಕು. ಆಮೇಲೆ ಏರ್ ಸ್ಕ್ರೂವನ್ನು ಕಾಲು ಸುತ್ತು ಹೊರಗೆ ತಿರುಗಿಸಿ ಕಾಯಬೇಕು. ಕಾಯುವುದೇ ಇಲ್ಲಿ ಮುಖ್ಯ. ಬದಲಾದ ಮಿಶ್ರಣಕ್ಕೆ ಇಂಜಿನ್ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು, ಅಷ್ಟರೊಳಗೆ ಮತ್ತೆ ತಿರುಗಿಸಿದರೆ ಯಾವ ಬದಲಾವಣೆಯ ಫಲ ಯಾವುದೆಂದು ತಿಳಿಯುವುದಿಲ್ಲ. ಏರ್ ಸ್ಕ್ರೂ ಒಳಗೆ ಹೋದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ, ಬಡಿತ ಮಂಕಾಗುತ್ತದೆ, ಪೆಟ್ರೋಲಿನ ವಾಸನೆ ಕಣ್ಣು ಉರಿಸುತ್ತದೆ. ಹೊರಗೆ ಬಂದರೆ ಲೀನ್ ಆಗುತ್ತದೆ, ಬಡಿತ ಮೊದಲು ಚುರುಕಾಗಿ ಆಮೇಲೆ ತಪ್ಪತೊಡಗುತ್ತದೆ, ಸೈಲೆನ್ಸರಿನಲ್ಲಿ ಸಣ್ಣಗೆ ಸಿಡಿಯುವ ಸದ್ದು ಬರುತ್ತದೆ. ಈ ಎರಡರ ನಡುವೆ ಇಂಜಿನ್ ಅತಿ ವೇಗವಾಗಿಯೂ ಅತಿ ಸಮವಾಗಿಯೂ ತಿರುಗುವ ಒಂದು ಬಿಂದು ಇದೆ. ಅದು ಸಿಕ್ಕಿದ ಮೇಲೆ ಐಡಲ್ ಸ್ಕ್ರೂವಿನಿಂದ ವೇಗ ಇಳಿಸಿ, ಮತ್ತೊಮ್ಮೆ ಏರ್ ಸ್ಕ್ರೂವನ್ನು ಈ ಸಲ ಇನ್ನೂ ಸಣ್ಣ ಅಳತೆಯಲ್ಲಿ ಆಡಿಸಿ ನೋಡಬೇಕು. ಎರಡು ಮೂರು ಬಾರಿ ಹೀಗೆ ಒಂದರ ನಂತರ ಒಂದನ್ನು ತಿದ್ದಿದರೆ ವೇಗವೂ ಮಿಶ್ರಣವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕೊನೆಗೆ ಏರ್ ಸ್ಕ್ರೂವನ್ನು ಅರೆಕಾಲು ಸುತ್ತಿನಷ್ಟು ಒಳಗೆ ಬಿಡುವುದು ನನ್ನ ರೂಢಿ. ಗಾಳಿಯಿಂದ ತಣಿಯುವ ಇಂಜಿನ್ನಿಗೆ ತುಸು ರಿಚ್ ಇರುವುದೇ ಕ್ಷೇಮ, ಬೆಳಿಗ್ಗೆ ಕಿಕ್ಕರ್ ಹೊಡೆಯುವಾಗಲೂ ಅನುಕೂಲ.

ಏರ್ ಸ್ಕ್ರೂ ಎಲ್ಲಿ ನಿಂತಿತು ಎಂಬುದರಲ್ಲಿ ಇಂಜಿನ್ನಿನ ಸ್ಥಿತಿಯ ವರದಿಯೇ ಇರುತ್ತದೆ. ಒಂದರಿಂದ ಎರಡೂವರೆ ಸುತ್ತಿನೊಳಗೆ ನಿಂತರೆ ಪೈಲಟ್ ಜೆಟ್ಟಿನ ಅಳತೆ ಸರಿಯಿದೆ. ಬಹುತೇಕ ಮುಚ್ಚಿದರೆ ಮಾತ್ರ ಇಂಜಿನ್ ಚೆನ್ನಾಗಿ ನಡೆಯುವುದಾದರೆ ಜೆಟ್ ಕಟ್ಟಿದೆ, ಚಿಕ್ಕದಾಗಿದೆ, ಇಲ್ಲವೇ ಎಲ್ಲಿಯೋ ಗಾಳಿ ಸೋರುತ್ತಿದೆ. ಮೂರು ಸುತ್ತು ತೆಗೆದರೂ ಸಾಲದಿದ್ದರೆ ಜೆಟ್ ದೊಡ್ಡದು, ಅಥವಾ ಬೌಲಿನಲ್ಲಿ ಪೆಟ್ರೋಲಿನ ಮಟ್ಟ ಹೆಚ್ಚಾಗಿದೆ. ಎಲ್ಲ ಸರಿಯಿದ್ದೂ ಬಡಿತ ಸಮವಾಗದಿದ್ದರೆ ಸ್ಲೈಡನ್ನು ಹೊರತೆಗೆದು ನೋಡಬೇಕು. ಸವೆದ ಸ್ಲೈಡಿನ ಸುತ್ತ ಗಾಳಿ ನುಸುಳುವಾಗ ಯಾವ ಸ್ಕ್ರೂವಿನ ಯಾವ ಸ್ಥಾನವೂ ಸ್ಥಿರವಾಗಿ ನಿಲ್ಲುವುದಿಲ್ಲ; ಅಂಥ ಕಾರ್ಬೊರೇಟರನ್ನು ತಿದ್ದುತ್ತ ಕೂರುವುದು ಕಾಲಹರಣ.

ಊರು ಬದಲಾದರೆ ಮಿಶ್ರಣವೂ ಬದಲಾಗುತ್ತದೆ ಎಂಬುದು ನಮ್ಮ ರಾಜ್ಯದಲ್ಲಿ ಬೈಕಿನಲ್ಲಿ ತಿರುಗುವವರಿಗೆ ಬೇಗ ಅರಿವಿಗೆ ಬರುವ ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲ ತೀರಕ್ಕಿಂತ ಸುಮಾರು ಶೇಕಡ 8ರಷ್ಟು ಕಡಿಮೆ. ಮಂಗಳೂರಿನಲ್ಲಿ ಕೂರಿಸಿದ ಗಾಡಿ ಘಟ್ಟ ಹತ್ತಿ ಬಂದಾಗ ಅದೇ ಜೆಟ್ಟಿಗೆ ಗಾಳಿ ಕಡಿಮೆಯಾಗಿ ರಿಚ್ ಆಗುತ್ತದೆ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಇನ್ನೂ ಹೆಚ್ಚು. ಒಂದೆರಡು ದಿನದ ಪ್ರವಾಸಕ್ಕೆ ಇದನ್ನು ಗಮನಿಸಿ ಸುಮ್ಮನಿರಬಹುದು. ವಾಸ ಬದಲಾದರೆ ಏರ್ ಸ್ಕ್ರೂವನ್ನು ಹೊಸದಾಗಿ ಕೂರಿಸಬೇಕು. ಶೇಕಡ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿನ ಪರಿಣಾಮ ಇದಕ್ಕೆ ವಿರುದ್ಧ. ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಲೀನ್ ಆಗುತ್ತದೆ, ಮೊದಲು ಒಂದೂವರೆ ಸುತ್ತಿಗೆ ನಿಲ್ಲುತ್ತಿದ್ದ ಏರ್ ಸ್ಕ್ರೂ ಈಗ ಸ್ವಲ್ಪ ಒಳಗೆ ನಿಲ್ಲುವುದು ಸಹಜ. ಹಳೆಯ ರಬ್ಬರ್ ರಿಂಗುಗಳನ್ನು ಅದು ಉಬ್ಬಿಸಿ ಕೆಡಿಸುವುದರಿಂದ ಗಾಳಿ ಸೋರಿಕೆಯನ್ನು ಮೊದಲಿಗಿಂತ ಹೆಚ್ಚು ಸಲ ಪರೀಕ್ಷಿಸಬೇಕಾಗಿದೆ.

ಬೇರೆ ಗಾಡಿ ಇರುವವರಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ದಿಕ್ಕುಗಳು ಗಾಳಿಯನ್ನು ಅಳೆಯುವ ಸ್ಕ್ರೂವಿಗೆ ಮಾತ್ರ ಸಲ್ಲುತ್ತವೆ. ಹಳೆಯ ಫಿಯಟ್ಟಿನ ಸೋಲೆಕ್ಸ್ ಕಾರ್ಬೊರೇಟರಿನ ಸ್ಕ್ರೂ ಮಿಶ್ರಣವನ್ನೇ ಅಳೆಯುತ್ತದೆ; ಅದನ್ನು ಹೊರಗೆ ತಿರುಗಿಸಿದರೆ ರಿಚ್. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವು. ಐಡ್ಲಿಂಗಿನಲ್ಲಿ ಸುಟ್ಟ ಅನಿಲ ಸಿಲಿಂಡರಿನಲ್ಲಿ ಉಳಿದುಹೋಗುವುದರಿಂದ ನಡುನಡುವೆ ಬಡಿತ ತಪ್ಪುವುದು ಅವುಗಳ ಸ್ವಭಾವ, ಬುಲೆಟ್ಟಿನ ಸಮ ಬಡಿತವನ್ನು ಅವುಗಳಿಂದ ನಿರೀಕ್ಷಿಸಬಾರದು.

ಕೂರಿಸಿದ ಐಡ್ಲಿಂಗ್ ಉಳಿಯಬೇಕಾದರೆ ಪೈಲಟ್ ಜೆಟ್ ಶುದ್ಧವಾಗಿ ಉಳಿಯಬೇಕು. ವಾರಕ್ಕೊಮ್ಮೆಯೂ ಹೊರಗೆ ತೆಗೆಯದ ಗಾಡಿಯ ಬೌಲಿನಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ, ಮತ್ತು ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಆ ಅತಿ ಸಣ್ಣ ರಂಧ್ರ. ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕಿನ ಪೆಟ್ರೋಲ್ ಕಾಕನ್ನು ಮುಚ್ಚಿ, ಬೌಲಿನಲ್ಲಿರುವುದು ಖಾಲಿಯಾಗಿ ಇಂಜಿನ್ ತಾನಾಗಿ ನಿಲ್ಲುವ ತನಕ ಬಿಟ್ಟರೆ, ಮುಂದಿನ ಸಲ ಕಿಕ್ಕರ್ ಹೊಡೆದಾಗ ಐಡ್ಲಿಂಗ್ ಬಿಟ್ಟಲ್ಲಿಯೇ ಸಿಗುತ್ತದೆ.